ಮೊದಲ ಕೆಲಸ, ಮೊದಲ ಮೆಟ್ಟಿಲು



ನಮಗೆ ಓದಲು ಬಂತು. ಹೆಸರು ಬರೆಯಲು ಬಂತು. ಬಸ್ಸಿನ ಬೋರ್ಡು ಓದುತ್ತೇವೆ. ಪಾಸ್‌ಬುಕ್ಕಿನ ಲೆಕ್ಕ ನೋಡುತ್ತೇವೆ. ಈಗ ನಮ್ಮಲ್ಲಿ ಹಲವರ ಮನಸ್ಸಿನಲ್ಲಿ ಒಂದು ಆಸೆ ಇದೆ. ತಿಂಗಳ ಸಂಬಳದ ಒಂದು ಕೆಲಸ ಬೇಕು.

ಆದರೆ ಕೆಲವು ಕಾಲದಲ್ಲಿ ಎಲ್ಲಿಗೆ ಹೋದರೂ ಒಂದೇ ಮಾತು. "ಈಗ ಕೆಲಸ ಇಲ್ಲಮ್ಮ. ಆಮೇಲೆ ಬಾ."

ಇಂಥ ಕಾಲದಲ್ಲಿ ಮೊದಲ ಕೆಲಸ ಹುಡುಕುವುದು ಹೇಗೆ? ಸಿಕ್ಕ ಕೆಲಸ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಇದನ್ನು ಈ ಪಾಠದಲ್ಲಿ ನೋಡೋಣ. ನಮಗೆಲ್ಲ ಗೊತ್ತಿರುವ ಗಾರ್ಮೆಂಟ್ಸ್ ಕೆಲಸವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬೆಂಗಳೂರು, ರಾಮನಗರ, ಮಂಡ್ಯ, ಹಾಸನದ ಕಡೆ ಸಾವಿರಾರು ಹೆಂಗಸರು ಈ ಕೆಲಸದಿಂದಲೇ ಮನೆ ನಡೆಸುತ್ತಾರೆ.

ಕೆಲಸ ಯಾಕೆ ಕಡಿಮೆಯಾಗುತ್ತದೆ?

ಗಾರ್ಮೆಂಟ್ಸ್‌ನಲ್ಲಿ ಹೊಲಿದ ಅಂಗಿ, ಪ್ಯಾಂಟು ಬಹಳ ಮಟ್ಟಿಗೆ ಹೊರದೇಶಕ್ಕೆ ಹೋಗುತ್ತವೆ. ಅಮೆರಿಕ, ಯೂರೋಪಿನ ಅಂಗಡಿಗಳು ಆರ್ಡರ್ ಕೊಡುತ್ತವೆ. ಆರ್ಡರ್ ಬಂದರೆ ಇಲ್ಲಿ ಮೆಷಿನ್ ಓಡುತ್ತದೆ. ಆರ್ಡರ್ ನಿಂತರೆ ಮೆಷಿನ್ ನಿಲ್ಲುತ್ತದೆ.

2008ರಲ್ಲಿ ಅಮೆರಿಕದ ದೊಡ್ಡ ಬ್ಯಾಂಕು ಮುಳುಗಿತು. ಅಲ್ಲಿನ ಜನ ಬಟ್ಟೆ ಕೊಳ್ಳುವುದು ಕಡಿಮೆಯಾಯಿತು. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ಹೊರದೇಶದ ಅಂಗಡಿಗಳೂ ಮುಚ್ಚಿದವು. ಕೊಟ್ಟ ಆರ್ಡರನ್ನೂ ವಾಪಸ್ ತೆಗೆದುಕೊಂಡವು. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ದೇಶದ ಅನೇಕ ಸರಕುಗಳ ಮೇಲೆ ಶೇಕಡಾ 50ರಷ್ಟು ಸುಂಕ ಹಾಕಿತು. ಆಗ ಬಟ್ಟೆ ಕಾರ್ಖಾನೆಗಳಿಗೆ ಮತ್ತೆ ಆತಂಕ ಬಂತು.

ಇದರಿಂದ ಒಂದು ಮಾತು ತಿಳಿಯುತ್ತದೆ. ಗೇಟಿನಲ್ಲಿ "ಕೆಲಸ ಇಲ್ಲ" ಎಂದರೆ ಅದು ನಮ್ಮ ಹಣೆಬರಹ ಅಲ್ಲ. ನಮಗೆ ಯೋಗ್ಯತೆ ಇಲ್ಲ ಎಂದೂ ಅಲ್ಲ. ಅದು ಪೇಟೆಯ ಏರಿಳಿತ. ಮಳೆ ತಡವಾದರೆ ರೈತ ಬಿತ್ತನೆ ಬೀಜ ಎಸೆಯುತ್ತಾನೆಯೇ? ಇಲ್ಲ. ಜೋಪಾನ ಮಾಡಿಡುತ್ತಾನೆ. ನಾವೂ ಹಾಗೆಯೇ ತಯಾರಾಗಿ ಇರಬೇಕು.

ಹೆಲ್ಪರ್ ಎಂದರೆ ಯಾರು?

ಗಾರ್ಮೆಂಟ್ಸ್‌ನಲ್ಲಿ ಮೊದಲ ಕೆಲಸ ಹೆಲ್ಪರ್ ಕೆಲಸ. ಹೊಲಿದ ಬಟ್ಟೆಯ ದಾರ ಕತ್ತರಿಸುವುದು, ಗುರುತು ಹಾಕುವುದು, ಕತ್ತರಿಸಿದ ತುಂಡುಗಳನ್ನು ಟೈಲರ್ ಕೈಗೆ ಕೊಡುವುದು. ಇದಕ್ಕೆ ಹೆಚ್ಚು ಓದು ಕೇಳುವುದಿಲ್ಲ. ಸಂಬಳವೂ ಕಡಿಮೆ.

ಆದರೆ ಹೆಲ್ಪರ್ ಎಂದಿಗೂ ಹೆಲ್ಪರ್ ಆಗಿಯೇ ಇರಬೇಕಾಗಿಲ್ಲ. ಮೆಷಿನ್ ಕಲಿತರೆ ಟೈಲರ್. ಬಟ್ಟೆಯ ತಪ್ಪು ಹಿಡಿಯಲು ಕಲಿತರೆ ಚೆಕ್ಕರ್. ಲೆಕ್ಕ ಬರೆಯಲು, ಜನರನ್ನು ಸಂಭಾಳಿಸಲು ಬಂದರೆ ಸೂಪರ್‌ವೈಸರ್. ಇಲ್ಲಿ ನಮ್ಮ ಓದು ಕೆಲಸಕ್ಕೆ ಬರುತ್ತದೆ. ಗಂಟೆಗೆ ಎಷ್ಟು ಪೀಸು ಆಯಿತು ಎಂದು ಬರೆಯುವುದು ಓದು ಬಾರದವರಿಗೆ ಕಷ್ಟ. ನಮಗೆ ಈಗ ಕಷ್ಟವಿಲ್ಲ.

ಆದ್ದರಿಂದ ಮೊದಲ ಕೆಲಸವನ್ನು ಬರೀ ಸಂಬಳದಿಂದ ಅಳೆಯಬೇಡಿ. ಇನ್ನೂ ಎರಡು ಪ್ರಶ್ನೆ ಕೇಳಿ.

ಇಲ್ಲಿ ನಾನು ಏನು ಕಲಿಯುತ್ತೇನೆ?

ನಾನು ಇಲ್ಲಿ ದುಡಿದೆ ಎಂಬುದಕ್ಕೆ ಕಾಗದ ಇರುತ್ತದೆಯೇ?

ಎಲ್ಲಿ ಕೇಳಬೇಕು?

ಕೆಲಸ ಕಡಿಮೆ ಇರುವಾಗ ಗೇಟಿನ ಮೇಲೆ ಬೋರ್ಡು ಇರುವುದಿಲ್ಲ. ಆದರೂ ಒಬ್ಬಿಬ್ಬರನ್ನು ತೆಗೆದುಕೊಳ್ಳುತ್ತಾ ಇರುತ್ತಾರೆ. ಯಾರೋ ಹೆರಿಗೆಗೆ ಹೋಗಿರುತ್ತಾರೆ. ಯಾರೋ ಊರು ಬಿಟ್ಟಿರುತ್ತಾರೆ. ಈ ಸುದ್ದಿ ಮೊದಲು ಗೊತ್ತಾಗುವುದು ಒಳಗೆ ದುಡಿಯುವವರಿಗೆ. ಅವರನ್ನೇ ಕೇಳಬೇಕು. ಸಂಜೆ ಕೆಲಸ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತರೆ ಇಂಥ ಮಾತು ನಡೆಯುತ್ತದೆ.

"ಅಕ್ಕಾ, ನಿಮ್ಮ ಫ್ಯಾಕ್ಟ್ರೀಲಿ ಹೆಲ್ಪರ್ ಕೆಲ್ಸ ಇದ್ಯಾ?"

"ಈ ತಿಂಗ್ಳು ತಗೋತಾ ಇಲ್ಲ ಕಣಮ್ಮ. ಆರ್ಡರ್ ಕಮ್ಮಿ."

"ಯಾವಾಗ ಬರ್ಲಿ ಅಕ್ಕಾ?"

"ಹಬ್ಬ ಕಳೀಲಿ. ಹಬ್ಬಕ್ಕೆ ಊರಿಗೆ ಹೋದೋರು ಎಲ್ಲರೂ ವಾಪಸ್ ಬರಲ್ಲ. ಆಗ ಬಾ."

"ಹೋದ ತಿಂಗ್ಳು ಸಂಬಳ ಯಾವತ್ತು ಆಯ್ತು?"

"ಏಳನೇ ತಾರೀಖೇ ಆಯ್ತು. ಅದರಲ್ಲಿ ಮೋಸ ಇಲ್ಲ."

ನೋಡಿ, ಕೊನೆಯ ಪ್ರಶ್ನೆ ಬಹಳ ಮುಖ್ಯ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈ ಸೇರಬೇಕು. ಇದು ಕಾನೂನು. ಸಂಬಳ ತಿಂಗಳು ತಿಂಗಳೂ ತಡವಾಗುತ್ತಿದ್ದರೆ ಆ ಕಾರ್ಖಾನೆಗೆ ಏನೋ ತೊಂದರೆ ಇದೆ ಎಂದು ತಿಳಿಯಿರಿ. ಅಂಥ ಕಡೆ ಸೇರುವ ಮುನ್ನ ಎರಡು ಸಲ ಯೋಚಿಸಿ.

ಒಂದೇ ಗೇಟಿಗೆ ಹೋಗಿ ಸುಮ್ಮನಾಗಬೇಡಿ. ನಾಲ್ಕು ಕಡೆ ಕೇಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣ ಕೊಡಬೇಕಾಗಿಲ್ಲ. ಕೆಲಸ ಹುಡುಕಲು ಇದು ಒಳ್ಳೆಯ ಅನುಕೂಲ. ಹೋದ ಕಡೆಯೆಲ್ಲ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಿ. ಯಾವ ಕಾರ್ಖಾನೆ, ಯಾವ ದಿನ ಹೋದೆವು, ಮತ್ತೆ ಯಾವಾಗ ಬರಲು ಹೇಳಿದರು. ಹೇಳಿದ ದಿನವೇ ಹೋಗಿ.

ಹಣ ಕೇಳಿದರೆ?

ಕೆಲಸ ಇಲ್ಲದ ಕಾಲ ದಲ್ಲಾಳಿಗಳಿಗೆ ಸುಗ್ಗಿ. "ಐದು ಸಾವಿರ ಕೊಡು, ನಾಳೇನೇ ಸೇರಿಸ್ತೀನಿ" ಎನ್ನುತ್ತಾರೆ. ಸಮವಸ್ತ್ರಕ್ಕೆ, ಫಾರಂಗೆ, ಡೆಪಾಸಿಟ್‌ಗೆ ಎಂದು ನೂರು ನೆವ ಹೇಳುತ್ತಾರೆ. ಫೋನಿಗೆ ಬಂದ ನಂಬರ್ ಕೇಳುತ್ತಾರೆ.

ಒಂದು ಮಾತು ನೆನಪಿಡಿ. ಕೆಲಸ ನಮಗೆ ಹಣ ಕೊಡಬೇಕು. ನಾವು ಕೆಲಸಕ್ಕೆ ಹಣ ಕೊಡಬಾರದು. ಓಲೆ ಅಡವಿಟ್ಟು ದಲ್ಲಾಳಿಗೆ ಹಣ ಕೊಟ್ಟರೆ ಕೆಲಸವೂ ಇಲ್ಲ, ಓಲೆಯೂ ಇಲ್ಲ. ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸ್ ಕೊಡಿ. ಮೂಲ ಪತ್ರ ಯಾರ ಕೈಯಲ್ಲೂ ಬಿಟ್ಟು ಬರಬೇಡಿ. ಫೋನಿಗೆ ಬಂದ ಗುಟ್ಟಿನ ನಂಬರ್ ಯಾರಿಗೂ ಹೇಳಬೇಡಿ.

ಎರಡು ಕೆಲಸ, ಒಂದು ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ಒಬ್ಬ ತಂಗಿಗೆ ಎರಡು ಕಡೆ ಕೆಲಸ ಸಿಕ್ಕಿತು ಎಂದುಕೊಳ್ಳಿ. ಇದು ಲೆಕ್ಕಕ್ಕೆ ಮಾಡಿಕೊಂಡ ಉದಾಹರಣೆ.

ಒಂದು, ಮನೆ ಹತ್ತಿರದ ಚಿಕ್ಕ ಶೆಡ್. ತಿಂಗಳಿಗೆ 11,500 ರೂಪಾಯಿ ಕೈಗೆ ಕೊಡುತ್ತಾರೆ. ಕಾಗದ ಇಲ್ಲ, ಪತ್ರ ಇಲ್ಲ.

ಇನ್ನೊಂದು, ಕಾರ್ಖಾನೆಯ ಹೆಲ್ಪರ್ ಕೆಲಸ. ಸಂಬಳ 12,000 ರೂಪಾಯಿ. ಅದರಲ್ಲಿ ಪಿ.ಎಫ್.ಗೆ ಶೇಕಡಾ 12, ಅಂದರೆ 1,440 ರೂಪಾಯಿ ಹಿಡಿಯುತ್ತಾರೆ. ಇ.ಎಸ್.ಐ.ಗೆ ನೂರಕ್ಕೆ ಮುಕ್ಕಾಲು ರೂಪಾಯಿ, ಅಂದರೆ 90 ರೂಪಾಯಿ ಹಿಡಿಯುತ್ತಾರೆ. ಕೈಗೆ ಬರುವುದು 10,470 ರೂಪಾಯಿ.

ಮನೆಯವರು ಏನು ಹೇಳುತ್ತಾರೆ? "ಶೆಡ್ಡಿಗೇ ಹೋಗು, ಸಾವಿರ ರೂಪಾಯಿ ಜಾಸ್ತಿ." ಮೇಲೆ ನೋಡಿದರೆ ಸರಿ ಅನ್ನಿಸುತ್ತದೆ. ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ.

ಪಿ.ಎಫ್. ಎಂದು ಹಿಡಿದ ಹಣ ಹೋದ ಹಣ ಅಲ್ಲ. ಅದು ತಂಗಿಯ ಹೆಸರಿನಲ್ಲೇ ಇರುತ್ತದೆ. ವರ್ಷಕ್ಕೆ 17,280 ರೂಪಾಯಿ ಆಗುತ್ತದೆ. ಬಡ್ಡಿ ಬೇರೆ. ಮಾಲೀಕರೂ ಶೇಕಡಾ 12 ಸೇರಿಸಬೇಕು. ಅದರಲ್ಲಿ ಒಂದು ಭಾಗ ಪಿ.ಎಫ್.ಗೆ, ಒಂದು ಭಾಗ ಪಿಂಚಣಿಗೆ ಹೋಗುತ್ತದೆ. ಇ.ಎಸ್.ಐ.ಗೂ ಮಾಲೀಕರು ನೂರಕ್ಕೆ ಮೂರೂಕಾಲು ರೂಪಾಯಿ ಕಟ್ಟಬೇಕು. ಇ.ಎಸ್.ಐ. ಇದ್ದರೆ ತಂಗಿಗೂ ಅವಳ ಮನೆಯವರಿಗೂ ಇ.ಎಸ್.ಐ. ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ.

ನಾಳೆ ಆರ್ಡರ್ ನಿಂತು ಎರಡು ಕಡೆಯೂ ಕೆಲಸ ಹೋಯಿತು ಎನ್ನಿ. ಶೆಡ್ಡಿನವಳು ಬರಿಗೈಯಲ್ಲಿ ಮನೆಗೆ ಬರುತ್ತಾಳೆ. ಅವಳು ಅಲ್ಲಿ ದುಡಿದಳು ಎಂಬುದಕ್ಕೂ ಗುರುತು ಇಲ್ಲ. ಕಾರ್ಖಾನೆಯವಳಿಗೆ ಪಿ.ಎಫ್. ಹಣ ಇದೆ. ನಿಯಮದ ಪ್ರಕಾರ ಅದನ್ನು ಕೇಳಿ ಪಡೆಯಬಹುದು. ದುಡಿದ ದಾಖಲೆ ಇದೆ. ಇನ್ನೊಂದು ಗೇಟಿನಲ್ಲಿ "ನನಗೆ ಒಂದು ವರ್ಷದ ಅನುಭವ ಇದೆ" ಎಂದು ತೋರಿಸಬಹುದು.

ಹಾಗಂತ ಶೆಡ್ಡಿಗೆ ಹೋದವಳು ದಡ್ಡಿ ಎಂದು ನಾವು ಹೇಳುವುದಿಲ್ಲ. ಮನೆಯಲ್ಲಿ ಅಕ್ಕಿ ಇಲ್ಲದಾಗ ಇವತ್ತಿನ ಸಾವಿರ ರೂಪಾಯಿ ದೊಡ್ಡದೇ. ಅಂಥ ಹೊತ್ತಿನಲ್ಲಿ ಸಿಕ್ಕ ಕೆಲಸ ಮಾಡಿ. ಆದರೆ ಹುಡುಕುವುದನ್ನು ಬಿಡಬೇಡಿ. ವಾರದ ರಜೆಯಲ್ಲಿ ಕಾರ್ಖಾನೆಯ ಅಕ್ಕಂದಿರನ್ನು ವಿಚಾರಿಸುತ್ತಾ ಇರಿ. ಶೆಡ್ಡಿನಲ್ಲೂ ಬರೀ ದಾರ ಕತ್ತರಿಸಬೇಡಿ. ಊಟದ ಬಿಡುವಿನಲ್ಲಿ ಮೆಷಿನ್ ಮುಂದೆ ಕೂತು ನೇರ ಹೊಲಿಗೆ ಕಲಿಯಿರಿ. ಕೈಗೆ ಬಂದ ವಿದ್ಯೆಯನ್ನು ಯಾರೂ ಕಿತ್ತುಕೊಳ್ಳಲಾರರು.

ಸಹಿ ಹಾಕುವ ಮುನ್ನ

ಹಿಂದೆ ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ತೋರಿಸಿದ ಕಡೆ ಒತ್ತಿ ಬರುತ್ತಿದ್ದೆವು. ಈಗ ಓದಿ ಸಹಿ ಹಾಕೋಣ. ಕಾಗದ ಇಂಗ್ಲಿಷಿನಲ್ಲಿದ್ದರೆ ನಾಚಿಕೆ ಬೇಡ. "ಇದರಲ್ಲಿ ಏನಿದೆ, ಕನ್ನಡದಲ್ಲಿ ಓದಿ ಹೇಳಿ ಸಾರ್" ಎಂದು ಕೇಳಿ. ಬರೀ ಖಾಲಿ ಕಾಗದಕ್ಕೆ ಎಂದಿಗೂ ಸಹಿ ಹಾಕಬೇಡಿ.

ಈ ಐದು ವಿಷಯ ನೋಡಿಕೊಳ್ಳಿ.

1. ನೇಮಕಾತಿ ಪತ್ರದಲ್ಲಿ ಹೆಸರು, ಕೆಲಸ, ಸಂಬಳ, ಸೇರಿದ ದಿನ ಸರಿಯಾಗಿದೆಯೇ?

2. ಆಧಾರ್‌ನಲ್ಲಿ, ಪಾಸ್‌ಬುಕ್ಕಿನಲ್ಲಿ, ಕಾರ್ಖಾನೆಯ ಕಾಗದದಲ್ಲಿ ಹೆಸರು ಒಂದೇ ತರಹ ಇದೆಯೇ? ಒಂದು ಅಕ್ಷರ ತಪ್ಪಿದರೂ ಪಿ.ಎಫ್. ಹಣ ತೆಗೆಯುವಾಗ ಅಲೆದಾಟ ತಪ್ಪದು.

3. ಪಿ.ಎಫ್. ನಂಬರ್ ಕೊಟ್ಟರೇ? ಯು.ಎ.ಎನ್. ಎಂಬ 12 ಅಂಕಿಯ ನಂಬರ್ ಇರುತ್ತದೆ. ಕೆಲಸ ಬದಲಾದರೂ ಈ ನಂಬರ್ ಬದಲಾಗುವುದಿಲ್ಲ. ಮನೆಯಲ್ಲಿ ಬರೆದಿಡಿ.

4. ಸಂಬಳದ ಚೀಟಿಯಲ್ಲಿ ಎಷ್ಟು ದಿನದ ಹಾಜರಿ ಇದೆ, ಏನೇನು ಹಿಡಿದಿದ್ದಾರೆ?

5. ಹೊತ್ತು ಮೀರಿ ದುಡಿದ ಕೆಲಸಕ್ಕೆ, ಅಂದರೆ ಓ.ಟಿ.ಗೆ, ಎರಡು ಪಟ್ಟು ಕೂಲಿ ಹಾಕಿದ್ದಾರೆಯೇ?

ಇನ್ನೊಂದು ಮಾತು. ಕೆಲಸ ಕೊಡುತ್ತೇನೆ ಎಂದು ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಸಹಿಸಬೇಡಿ. 10 ಜನ ಅಥವಾ ಹೆಚ್ಚು ಜನ ದುಡಿಯುವ ಕಡೆ ಹೆಂಗಸರ ದೂರು ಕೇಳಲು ಒಂದು ಸಮಿತಿ ಇರಲೇಬೇಕು. 2013ರ ಕಾನೂನು ಹೀಗೆ ಹೇಳುತ್ತದೆ. 181 ನಂಬರಿಗೆ ಫೋನ್ ಮಾಡಿದರೂ ಹೆಂಗಸರಿಗೆ ಸಹಾಯ ಸಿಗುತ್ತದೆ.

ಗೇಟು ತೆರೆಯುವ ತನಕ

ಕೆಲಸ ಸಿಗದ ತಿಂಗಳುಗಳು ಕಲಿಯುವ ತಿಂಗಳುಗಳಾಗಲಿ. 1982ರಲ್ಲಿ ಧರ್ಮಸ್ಥಳದ ಹತ್ತಿರದ ಉಜಿರೆಯಲ್ಲಿ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆ ಶುರುವಾಯಿತು. ಅದರ ಮಾದರಿಯಲ್ಲೇ ಬ್ಯಾಂಕುಗಳು ಈಗ ಜಿಲ್ಲೆಗಳಲ್ಲಿ ತರಬೇತಿ ಸಂಸ್ಥೆ ನಡೆಸುತ್ತಿವೆ. ಅಲ್ಲಿ ಹಳ್ಳಿಯ ಜನರಿಗೆ ಹೊಲಿಗೆಯಂಥ ಕಸುಬು ಹೇಳಿಕೊಡುತ್ತಾರೆ. ತರಬೇತಿಗೆ ಹಣವಿಲ್ಲ. ಊಟ, ವಸತಿಗೂ ಹಣವಿಲ್ಲ. ನಿಮ್ಮ ಬ್ಯಾಂಕಿನಲ್ಲಿ ಅಥವಾ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. "ರುಡ್‌ಸೆಟ್ ಇಲ್ಲವೇ ಆರ್‌ಸೆಟಿ ತರಬೇತಿ ಯಾವಾಗ?" ಎಂದು ಕೇಳಿದರೆ ಸಾಕು.

ಮೆಷಿನ್ ಕಲಿತು ಹೋದವಳು ಗೇಟಿನಲ್ಲಿ ಹೆಲ್ಪರ್ ಕೆಲಸ ಕೇಳಬೇಕಾಗಿಲ್ಲ. "ಟೈಲರ್ ಕೆಲಸ ಇದೆಯೇ?" ಎಂದು ಕೇಳಬಹುದು.

ಒಬ್ಬಳೇ ಅಲ್ಲ

ಒಂದು ನಿಜವಾದ ಸಂಗತಿ ಹೇಳುತ್ತೇವೆ. 2016ರಲ್ಲಿ ಕೇಂದ್ರ ಸರ್ಕಾರ ಪಿ.ಎಫ್.ಗೆ ಹೊಸ ನಿಯಮ ತಂದಿತು. ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವ ತನಕ ತೆಗೆಯುವಂತಿಲ್ಲ ಎಂದಿತು. ಕೆಲಸ ಹೋದಾಗ ಕೈ ಹಿಡಿಯುವ ಹಣ ಅದು. 58ರ ತನಕ ಕಾಯುವುದು ಹೇಗೆ? ಆ ವರ್ಷ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗೆ ಬಂದರು. ಲಾಠಿ ಏಟನ್ನೂ ತಿಂದರು. ಏಪ್ರಿಲ್ 19ರಂದೇ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಅದರಿಂದ ದೇಶದ ಎಲ್ಲ ಕಾರ್ಮಿಕರಿಗೂ ಒಳ್ಳೆಯದಾಯಿತು.

ಅವರಲ್ಲಿ ಎಷ್ಟೋ ಜನ ಹೆಲ್ಪರ್ ಆಗಿಯೇ ಗೇಟಿನ ಒಳಗೆ ಕಾಲಿಟ್ಟವರು. ತಮ್ಮ ಚೀಟಿಯಲ್ಲಿ ಹಿಡಿದ ಹಣ ಯಾರದು ಎಂದು ಅವರಿಗೆ ಗೊತ್ತಿತ್ತು. ಅದಕ್ಕೇ ಕೇಳಿದರು.

ಮೊದಲ ಕೆಲಸ ಚಿಕ್ಕದಿರಬಹುದು. ಮೆಟ್ಟಿಲೂ ಚಿಕ್ಕದೇ. ಆದರೆ ಅದರ ಮೇಲೆ ಕಾಲಿಟ್ಟೇ ಮೇಲೆ ಹೋಗಬೇಕು. ಕಾಲಿಡುವ ಮುನ್ನ ಮೆಟ್ಟಿಲು ಗಟ್ಟಿ ಇದೆಯೇ ಎಂದು ನೋಡೋಣ.

ಚರ್ಚೆ ಮಾಡೋಣ

1. ನಮ್ಮ ಊರಿನಿಂದ ಯಾರು ಯಾರು ತಿಂಗಳ ಸಂಬಳದ ಕೆಲಸಕ್ಕೆ ಹೋಗುತ್ತಾರೆ? ಅವರಿಗೆ ಪಿ.ಎಫ್., ಇ.ಎಸ್.ಐ. ಇದೆಯೇ?

2. ಕೆಲಸ ಕೊಡಿಸುತ್ತೇವೆ ಎಂದು ಹಣ ಪಡೆದವರು ನಮ್ಮ ಕಡೆ ಇದ್ದಾರೆಯೇ? ನಾವು ಏನು ಮಾಡಬಹುದು?

ಲೆಕ್ಕ ಮಾಡೋಣ

ಸಂಬಳ 10,000 ರೂಪಾಯಿ. ಪಿ.ಎಫ್. ಶೇಕಡಾ 12. ಇ.ಎಸ್.ಐ. 75 ರೂಪಾಯಿ. ಕೈಗೆ ಎಷ್ಟು ಬರುತ್ತದೆ?

ಬರೆಯೋಣ

ನಿಮ್ಮ ಹೆಸರನ್ನು ಆಧಾರ್‌ನಲ್ಲಿ ಇರುವ ಹಾಗೆಯೇ ನೋಡಿ ಬರೆಯಿರಿ. ಪಾಸ್‌ಬುಕ್ಕಿನ ಹೆಸರಿನ ಜೊತೆ ಹೋಲಿಸಿ. ಅಕ್ಷರ ಬೇರೆ ಇದ್ದರೆ ಈ ವಾರವೇ ಬ್ಯಾಂಕಿಗೆ ಹೋಗಿ ಸರಿ ಮಾಡಿಸಿ.