ತಂಗಿಯ ಔಷಧಿ ಮತ್ತು ನಮ್ಮ ಮನೆ

ಗೆಳೆಯರೇ, ರಕ್ತದ ಕಣಗಳು ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುತ್ತವೆ. ಅಲ್ಲಿ ಬಲಿಯದ ಬಿಳಿ ಕಣಗಳು ಲೆಕ್ಕವಿಲ್ಲದೆ ಹೆಚ್ಚಿದರೆ ಅದು ರಕ್ತದ ಕ್ಯಾನ್ಸರ್. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದೇ ಹೆಚ್ಚು. ನನ್ನ ತಂಗಿಗೆ ಬಂದಿರುವುದೂ ಇದೇ.

ಇದಕ್ಕೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಔಷಧಿ ಸಿಗುವುದು ನಿತ್ಯಪುಷ್ಪದ ಗಿಡದಿಂದ. ನಮ್ಮ ಶಾಲೆ ಮುಂದೆ ಇದೆಯಲ್ಲ, ಅದೇ ಗಿಡ! (ಎಲೆ ಕಿತ್ತು ತಿನ್ನಬೇಡಿ, ವಿಷ.) ಕ್ಯಾನ್ಸರ್ ಔಷಧಿಗಳು ಕೆಟ್ಟ ಕಣದ ಜೊತೆ ಒಳ್ಳೆಯದನ್ನೂ ಕೊಲ್ಲುತ್ತವೆ. ಅದಕ್ಕೇ ಕೂದಲು ಉದುರುತ್ತದೆ, ರೋಗ ತಡೆಯುವ ಬಿಳಿ ಕಣ ಕಡಿಮೆಯಾಗುತ್ತದೆ.

ಚಿಕಿತ್ಸೆ ಎರಡು ವರ್ಷಕ್ಕೂ ಹೆಚ್ಚು. ಅವ್ವ ತಂಗಿಯನ್ನು ಕರಕೊಂಡು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ ಬರ್ತಾಳೆ. ಅಪ್ಪ ಒಂದು ಎಮ್ಮೆ ಮಾರಿದ. ಇನ್ನೊಂದರ ಹಾಲು ಡೈರಿಗೆ ಹಾಕೋದು ನನ್ನ ಕೆಲಸ, ರೊಟ್ಟಿ ಅಜ್ಜಿಯದು. ತಂಗಿ ಊರಲ್ಲಿದ್ದಾಗ ಕುದಿಸಿ ಆರಿಸಿದ ನೀರು, ಬಿಸಿ ಊಟ. ಹಸಿ ಸೌತೆಕಾಯಿ ಕೊಡಂಗಿಲ್ಲ ಅಂತ ಅಜ್ಜಿಗೆ ತಿಳಿಸೋದೇ ಕಷ್ಟ. ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ ಮಾತ್ರೆ ನುಂಗಿಸಿ ಬೆಳಗಿನವರೆಗೆ ಕಾಯುವ ಹಾಗಿಲ್ಲ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಥರ್ಮಾಮೀಟರನ್ನು ಅವ್ವ ದೇವರ ಗೂಡಿನಲ್ಲೇ ಇಟ್ಟಿದ್ದಾಳೆ.

ಕೆಲವರು ಈಗ ನಮ್ಮನೆಗೆ ಬರಲ್ಲ. ಇದು ಅಂಟುವ ರೋಗ ಅಲ್ಲ. ಅವಳಿಂದ ನಿಮಗೆ ಕ್ಯಾನ್ಸರ್ ಬರಲ್ಲ, ನಿಮ್ಮ ನೆಗಡಿ ಅವಳಿಗೆ ಬರುತ್ತದೆ. ಅವಳ ರಕ್ತದ ಕೌಂಟ್ ಚೆನ್ನಾಗಿರುವ ವಾರ ನಾನೇ ಹೇಳ್ತೀನಿ. ನೆಗಡಿ, ಜ್ವರ ಇಲ್ಲದವರು ಸೋಪಿನಿಂದ ಕೈ ತೊಳೆದು ಬನ್ನಿ. ಚೌಕಾಬಾರದ ಕವಡೆ ಅವಳ ಹತ್ತಿರವೇ ಇವೆ.