ಸಂಸಾರದ ಸ್ಥಿತಿಗತಿ ಬದಲಾದಾಗ ಹಿತ್ತಲ ಕೋಳಿಗಳ ಯೋಗಕ್ಷೇಮ

ಹಿತ್ತಲಲ್ಲಿ ನಾಲ್ಕಾರು ಹೇಂಟೆಗಳನ್ನು ಸಾಕಿ ಮನೆಮಂದಿಗೆ ಬೇಕಾದ ಮೊಟ್ಟೆಯನ್ನು ಮನೆಯಲ್ಲಿಯೇ ಪಡೆಯಬೇಕೆಂದು ಬಯಸುವವರು, ಗೂಡಿಗೆ ಹಲಗೆ ಕೊಳ್ಳುವುದಕ್ಕೆ ಮೊದಲು, ತಮ್ಮ ಸಂಸಾರದ ಮುಂದಿನ ಐದಾರು ವರ್ಷಗಳನ್ನು ಸಾವಧಾನವಾಗಿ ಆಲೋಚಿಸುವುದು ಒಳ್ಳೆಯದು. ಏಕೆಂದರೆ ಐದಾರು ತಿಂಗಳ ಪ್ರಾಯದಲ್ಲಿ ಮೊಟ್ಟೆಯಿಡಲು ತೊಡಗುವ ಹೇಂಟೆಯು ಮೊದಲೆರಡು ವರ್ಷ ಸಮೃದ್ಧವಾಗಿ ಇಟ್ಟು ಆಮೇಲೆ ಕ್ರಮೇಣ ಕಡಿಮೆ ಮಾಡುವುದಾದರೂ, ಒಳ್ಳೆಯ ಆರೈಕೆಯಲ್ಲಿ ಐದರಿಂದ ಎಂಟು ವರ್ಷ ಬದುಕಬಲ್ಲದು. ಅಷ್ಟರಲ್ಲಿ ಮನೆಗೆ ಮಗು ಬರಬಹುದು, ವರ್ಗಾವಣೆಯಾಗಬಹುದು, ಹಿರಿಯರು ಹಾಸಿಗೆ ಹಿಡಿಯಬಹುದು. ಆದುದರಿಂದ ಮನೆಯ ಅತ್ಯಂತ ತಾಪತ್ರಯದ ದಿನದಲ್ಲಿಯೂ ಒಬ್ಬರೇ ನೋಡಿಕೊಳ್ಳಬಲ್ಲಷ್ಟು ಕೋಳಿಗಳನ್ನು ಮಾತ್ರ ಸಾಕತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ. ನಾಲ್ಕು ಜನರ ಸಂಸಾರಕ್ಕೆ ಐದಾರು ಹೇಂಟೆ ಧಾರಾಳವಾಗಿ ಸಾಕು. ಮರಿ ಬೇಡವಾದರೆ ಹುಂಜವೂ ಬೇಕಿಲ್ಲ.

ತಳಿಯ ಆಯ್ಕೆ ಎರಡನೆಯ ಮಾತು. ನಾಟಿಕೋಳಿ ಕಾವು ಕುಳಿತು ಮರಿಮಾಡುವುದರಲ್ಲಿ ನಿಪುಣೆ, ಮೊಟ್ಟೆಯ ಲೆಕ್ಕದಲ್ಲಿ ಹಿಂದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಮತ್ತು ಸ್ವರ್ಣಧಾರಾ ತಳಿಗಳಲ್ಲಿ, ಮೈ ಹಗುರವಾದ, ವರ್ಷಕ್ಕೆ ಸುಮಾರು 180 ಮೊಟ್ಟೆ ಕೊಡಬಲ್ಲ ಸ್ವರ್ಣಧಾರಾವೇ ಸಣ್ಣ ಮನೆಗೆ ಲೇಸು.

ಗೂಡಿನಲ್ಲಿ ಕೋಳಿಯೊಂದಕ್ಕೆ ಕನಿಷ್ಠ 2 ಚದರ ಅಡಿ ನೆಲ, ಮಲಗಲು ಅಡ್ಡಗೋಲು, ನಾಲ್ಕೈದು ಹೇಂಟೆಗಳಿಗೆ ಒಂದರಂತೆ ಮೊಟ್ಟೆಯ ಪೆಟ್ಟಿಗೆ ಇರಬೇಕು. ಮೊಟ್ಟೆ ತೆಗೆಯುವ ಬಾಗಿಲನ್ನು ಸೊಂಟದ ಎತ್ತರಕ್ಕೆ ಇರಿಸಿದರೆ ಮಂಡಿನೋವಿನ ಅಜ್ಜಿಯಾಗಲಿ, ತುಂಬುಗರ್ಭಿಣಿಯಾಗಲಿ ಬಗ್ಗಬೇಕಾಗುವುದಿಲ್ಲ. ಕಟ್ಟುವಾಗ ನಾಲ್ಕು ಕಾಲು ಉದ್ದ ಮಾಡಿದರಾಯಿತು, ಅದೇನೂ ಹೆಚ್ಚಿನ ಖರ್ಚಲ್ಲ. ಮುಂಗುಸಿ, ಕಾಡುಬೆಕ್ಕುಗಳು ನುಸುಳದಂತೆ ಸಣ್ಣ ಕಣ್ಣಿನ ಬಲೆ ಹೊಡೆಸಿ, ಸಂಜೆ ಅಗುಳಿ ಹಾಕುವ ಹೊಣೆಯನ್ನು ಮನೆಯಲ್ಲಿ ಒಬ್ಬರಿಗೇ ವಹಿಸಿರಿ.

ಮನೆ ಬದಲಾಯಿಸುವ ಸಂದರ್ಭವು ಕೋಳಿಗಳಿಗೆ ಅತ್ಯಂತ ಕಠಿನವಾದುದು. ಕತ್ತಲಾದ ಮೇಲೆ ಅಡ್ಡಗೋಲಿನ ಮೇಲೆ ಕುಳಿತಿರುವಾಗಲೇ ಎರಡು ಕೈಯಿಂದ ರೆಕ್ಕೆ ಅಮುಕಿ ಹಿಡಿದು, ಗಾಳಿಯಾಡುವ ಬಿದಿರಿನ ಬುಟ್ಟಿಯಲ್ಲಿ ಹುಲ್ಲು ಹಾಸಿ ಕೂರಿಸಿ, ರಾತ್ರಿಯಲ್ಲಿ ಅಥವಾ ನಸುಕಿನ ತಂಪಿನಲ್ಲಿ ಸಾಗಿಸತಕ್ಕದ್ದು. ಬಿಸಿಲೇರಿದ ಮೇಲೆ ಮುಚ್ಚಿದ ವಾಹನದಲ್ಲಿ ಸಾಗಿಸುವುದು ಪ್ರಾಣಾಪಾಯ. ಹೊಸ ಸ್ಥಳದಲ್ಲಿ ಹಳೆಯ ಗೂಡನ್ನೇ ನಿಲ್ಲಿಸಿದರೆ ಉತ್ತಮ. ಮೊದಲ ಏಳೆಂಟು ದಿನ ಹೊರಗೆ ಬಿಡದೆ ಅದರಲ್ಲಿಯೇ ಕೂಡಿಹಾಕಿದರೆ, ಆಮೇಲೆ ಬಿಟ್ಟಾಗ ಸಂಜೆಗೆ ತಾವಾಗಿಯೇ ಮರಳುತ್ತವೆ. ಮೇವನ್ನೂ ಒಮ್ಮೆಲೇ ಬದಲಾಯಿಸದೆ, ಹಳೆಯದಕ್ಕೆ ಹೊಸದನ್ನು ಬೆರೆಸುತ್ತ ವಾರದಲ್ಲಿ ಹೊಂದಿಸಬೇಕು. ಒಂದೆರಡು ವಾರ ಮೊಟ್ಟೆ ನಿಂತುಹೋದರೆ ಗಾಬರಿ ಬೇಡ. ಈ ದಿನಗಳಲ್ಲಿ ನೋಡಬೇಕಾದುದು ಕತ್ತಿನ ಬುಡದಲ್ಲಿರುವ ಮೇವಿನ ಚೀಲವನ್ನು: ರಾತ್ರಿ ಕೋಳಿ ಕುಳಿತ ಮೇಲೆ ಎದೆಯ ಬಲಪಕ್ಕಕ್ಕೆ ಬೆರಳಿಟ್ಟರೆ ಅದು ತುಂಬಿ ದುಂಡಗಿರಬೇಕು, ಬೆಳಗ್ಗೆ ಬರಿದಾಗಿ ಸಪ್ಪಟೆಯಾಗಿರಬೇಕು. ರಾತ್ರಿಯೂ ಖಾಲಿಯಿದ್ದರೆ ಆ ಕೋಳಿ ತಿಂದಿಲ್ಲ. ಬೆಳಗ್ಗೆಯೂ ಗಟ್ಟಿಯಾಗಿದ್ದರೆ ಜೀರ್ಣವಾಗಿಲ್ಲ, ಪಶುವೈದ್ಯರಿಗೆ ತೋರಿಸುವ ಕಾಲ ಬಂದಿದೆ.

ಮದುವೆ, ಆಸ್ಪತ್ರೆ ಎಂದು ನಾಲ್ಕು ದಿನ ಊರು ಬಿಡಬೇಕಾದಾಗ ಮೇವಿಗಿಂತ ನೀರಿನ ಯೋಚನೆ ಮುಖ್ಯ. ಕೋಳಿಗೆ ದಿನಕ್ಕೆ 100ರಿಂದ 120 ಗ್ರಾಂ ಮೇವು, ಅದರ ಇಮ್ಮಡಿ ನೀರು, ಬೇಸಗೆಯಲ್ಲಿ ಇನ್ನೂ ಹೆಚ್ಚು ಬೇಕು. ಒಂದು ಪಾತ್ರೆ ಉರುಳಿದರೂ ಇನ್ನೊಂದಿರುವಂತೆ ಎರಡನ್ನು ನೆರಳಿನಲ್ಲಿಟ್ಟು, ಬೆಳಗ್ಗೆ-ಸಂಜೆ ಬಂದು ಹೋಗುವಂತೆ ನೆರೆಯವರನ್ನು ಕೇಳಿಕೊಂಡು, ಆ ದಿನಗಳ ಮೊಟ್ಟೆ ಅವರಿಗೇ ಸಲ್ಲಬೇಕೆಂದು ಮೊದಲೇ ಹೇಳಿಬಿಡಿ.

ಎಳೆಗೂಸುಗಳಿರುವ ಮನೆಯಲ್ಲಿ ಗೂಡಿಗೆ ಹೋಗುವ ಚಪ್ಪಲಿ ಬೇರೆಯಿರಲಿ. ಕೋಳಿ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಮಗುವನ್ನು ಎತ್ತಬಾರದು. ಐದು ವರ್ಷದೊಳಗಿನ ಮಕ್ಕಳ ಕೈಗೆ ಮರಿಗಳನ್ನು ಕೊಡಲೇಬೇಡಿ, ಅವುಗಳಿಂದ ಸಾಲ್ಮೊನೆಲ್ಲಾ ಸೋಂಕು ತಗಲಬಹುದು. ಉಬ್ಬಸವುಳ್ಳವರು ಗೂಡು ಗುಡಿಸುವ ಕೆಲಸವನ್ನು ಇತರರಿಗೆ ಬಿಡುವುದೇ ವಿವೇಕ.

ಕೋಳಿಯ ಬಾಳಿನಲ್ಲಿಯೂ ಪರಿವರ್ತನೆಗಳಿವೆ. ವರ್ಷಕ್ಕೊಮ್ಮೆ ಪುಕ್ಕ ಉದುರಿಸಿ ಹೊಸದು ತೊಡುವಾಗ ಎರಡು-ಮೂರು ತಿಂಗಳು ಮೊಟ್ಟೆಯಿರುವುದಿಲ್ಲ. ಪುಕ್ಕವು ಬಹುಪಾಲು ಸಸಾರಜನಕದಿಂದಲೇ ಆಗಿರುವುದರಿಂದ ಆಗ ಕಡಲೆಕಾಯಿ ಹಿಂಡಿ, ಒಣಮೀನಿನ ಪುಡಿಗಳನ್ನು ಹೆಚ್ಚಿಸಿ, ಆದಷ್ಟು ಕೈಯಿಂದ ಮುಟ್ಟದೆ ಬಿಡಬೇಕು. ಮರಿ ಬೇಡವಾಗಿರುವಾಗ ಕಾವು ಕುಳಿತ ಹೇಂಟೆಯನ್ನು, ತಳದಲ್ಲಿ ಗಾಳಿಯಾಡುವ ತಂತಿಯ ಪಂಜರದಲ್ಲಿ ಮೇವು-ನೀರು ಕೊಟ್ಟು ಮೂರು-ನಾಲ್ಕು ದಿನ ಇರಿಸಿದರೆ ಸಾಮಾನ್ಯವಾಗಿ ಕಾವು ಇಳಿಯುತ್ತದೆ. ಕೊಕ್ಕರೆ ರೋಗದ ಲಸಿಕೆಯನ್ನು ಮರಿಯ ಮೊದಲ ವಾರದಲ್ಲಿಯೂ ಎಂಟನೆಯ ವಾರದ ಸುಮಾರಿಗೂ ತಪ್ಪದೆ ಹಾಕಿಸಿ ದಿನಾಂಕ ಬರೆದಿಡಿ.

ಹೊಸ ಕೋಳಿಗಳನ್ನು ತಂದರೆ ಮೂರು ವಾರ ಪ್ರತ್ಯೇಕವಾಗಿಟ್ಟು, ಬಳಿಕ ಬಲೆಯ ಆಚೀಚೆ ಒಂದನ್ನೊಂದು ನೋಡುವಂತೆ ಮಾಡಿ, ಒಂದು ರಾತ್ರಿ ಹಳೆಯವುಗಳ ಪಕ್ಕದಲ್ಲಿ ಕೂರಿಸಿ. ಒಂಟಿಯಾಗಿ ಸೇರಿಸಿದ ಕೋಳಿ ಎಲ್ಲರ ಕುಕ್ಕಿಗೂ ಗುರಿಯಾಗುವುದರಿಂದ ಕನಿಷ್ಠ ಎರಡನ್ನು ತರಬೇಕು.

ಸಾಕುವುದು ಸಾಧ್ಯವೇ ಇಲ್ಲವೆನ್ನುವ ಪರಿಸ್ಥಿತಿ ಬಂದಾಗ, ಮುದಿಕೋಳಿಗಳನ್ನು ಅಡುಗೆಗೆ ಬಳಸುವುದೋ ಕೊನೆಯವರೆಗೆ ಸಲಹುವುದೋ ಎಂಬುದು ಆಯಾ ಮನೆಯವರ ಧರ್ಮಕ್ಕೆ ಬಿಟ್ಟದ್ದು, ಆದರೆ ಆ ತೀರ್ಮಾನ ಕೋಳಿ ಕೊಳ್ಳುವಾಗಲೇ ಆಗಿರಬೇಕು. ಇನ್ನೊಬ್ಬರಿಗೆ ಕೊಡುವುದಾದರೆ ಬಿಡಿಬಿಡಿಯಾಗಿ ಹಂಚದೆ, ಜೊತೆಯಲ್ಲಿ ಬೆಳೆದವುಗಳನ್ನು ಒಟ್ಟಿಗೇ ಒಂದು ಮನೆಗೆ ಸೇರಿಸಿ, ಪ್ರತಿಯೊಂದರ ವಯಸ್ಸು ಮತ್ತು ಲಸಿಕೆಯ ದಿನಾಂಕ ಬರೆದ ಚೀಟಿಯೊಡನೆ, ಹತ್ತು ದಿನಕ್ಕಾಗುವಷ್ಟು ಹಳೆಯ ಮೇವನ್ನೂ ಕಟ್ಟಿಕೊಡಿ.