ಹತ್ತು ನಿಮಿಷ ಉಂಟಲ್ಲ, ಅದೇ ಕಷ್ಟ

ನಮ್ಮ ಮನೆ ವೇಣೂರಿನ ಹತ್ತಿರ. ತಾಲೂಕು ಬೆಳ್ತಂಗಡಿಯಾದರೂ ಸಾಮಾನಿಗೂ ಮದ್ದಿಗೂ ನಾವು ಓಡುವುದು ಮೂಡುಬಿದಿರೆಗೆ. ಒಂದು ವರ್ಷ ಅಡಿಕೆ ಸುಲಿಯುವವರು ಬರಲಿಲ್ಲವೆಂದು ನಾನೇ ಮೆಟ್ಟುಕತ್ತಿಯ ಮುಂದೆ ಕೂತೆ. ಅರ್ಧ ಬುಟ್ಟಿಯೂ ಆಗಿರಲಿಲ್ಲ, ಗೋಟು ಜಾರಿ ಎಡಗೈಯ ತೋರುಬೆರಳು ಕೊಯ್ದಿತು.

ಒಂದೇ ಕ್ಷಣದಲ್ಲಿ ಮನೆಯೆಲ್ಲ ವೈದ್ಯರು. ಅಮ್ಮ ಕಾಫಿಪುಡಿಯ ಡಬ್ಬ ತಂದರು. ಯಾರೋ ಸುಣ್ಣ ಎಂದರು. ದೊಡ್ಡಪ್ಪ ಬಾವಿಯ ಹಿಂದಿನಿಂದ ಕಮ್ಯುನಿಸ್ಟ್ ಸೊಪ್ಪು ಕಿತ್ತು ತಂದು ಅಂಗೈಯಲ್ಲಿ ತಿಕ್ಕಿ ರಸ ಹಿಂಡಿದರು. ‘ನಮ್ಮ ಹಿರಿಯರ ಮದ್ದು’ ಎಂದು ಬೇರೆ ಹೇಳಿದರು. ಅಮೆರಿಕ ಖಂಡದಿಂದ ಬಂದು ಹಬ್ಬಿದ ಕಳೆ ಅದು, ಅವರ ಅಜ್ಜನ ಅಜ್ಜ ಅದನ್ನು ಕಂಡಿರಲಿಕ್ಕಿಲ್ಲ. ಸುಣ್ಣವನ್ನು ಮಾತ್ರ ಹೇಗೋ ತಪ್ಪಿಸಿಕೊಂಡೆ. ಹಸಿ ಗಾಯಕ್ಕೆ ತಾಗಿದರೆ ಅದು ಚರ್ಮವನ್ನೇ ಸುಡುತ್ತದೆ. ಎರಡೆರಡು ನಿಮಿಷಕ್ಕೆ ಬಟ್ಟೆ ಬಿಚ್ಚಿ ನೋಡುವುದು, ರಕ್ತ ಮತ್ತೆ ಬರುವುದು, ಮತ್ತೆ ಕಾಫಿಪುಡಿ.

ಮರುದಿನ ಕ್ಲಿನಿಕ್ಕಿನಲ್ಲಿ ನರ್ಸಮ್ಮ ಆ ಪುಡಿಯನ್ನೂ ಸೊಪ್ಪಿನ ನಾರನ್ನೂ ಒಂದೊಂದಾಗಿ ತೊಳೆದು ತೆಗೆದರು. ಕತ್ತಿ ತಾಗಿದಾಗ ಇಷ್ಟು ನೋವಾಗಿರಲಿಲ್ಲ. ‘ಎಂತ ಮಾರಾಯ್ರೆ, ಹತ್ತು ನಿಮಿಷ ಒತ್ತಿ ಹಿಡಿಯಲಿಕ್ಕೆ ಆಗ್ಲಿಲ್ವಾ?’ ಎಂದರು.

ಆ ಹತ್ತು ನಿಮಿಷ ಎಷ್ಟು ಉದ್ದ ಎಂದು ಗೊತ್ತಾದದ್ದು ಬಂಟ್ವಾಳದಲ್ಲಿ, ಅಕ್ಕನ ಮನೆಯಲ್ಲಿ ಹಲಸು ಬಿಡಿಸುವಾಗ. ಕೈಯೆಲ್ಲ ತೆಂಗಿನೆಣ್ಣೆ ಮತ್ತು ಮೇಣ, ಕತ್ತಿ ಜಾರಿ ಮತ್ತೆ ಬೆರಳು ಕೊಯ್ದಿತು. ಈ ಸಲ ನಳ್ಳಿಯ ನೀರು ಬಿಟ್ಟು ಗಾಯ ತೊಳೆದೆ, ಸುತ್ತಲಿನ ಜಿಡ್ಡಿಗೆ ಸೋಪು. ಬೆರಳು ಬೀಗಿದ ಮೇಲೆ ಉಂಗುರ ಬರುವುದಿಲ್ಲ, ಹಾಗಾಗಿ ಆ ನೊರೆಯಲ್ಲೇ ಅದನ್ನೂ ಜಾರಿಸಿ ತೆಗೆದೆ. ಒಗೆದ ಬಟ್ಟೆ ಮಡಚಿ ಗಾಯದ ಮೇಲೆ ಒತ್ತಿ, ಕೈಯನ್ನು ಎದೆಗಿಂತ ಮೇಲೆ ಹಿಡಿದು ಗೋಡೆ ಗಡಿಯಾರದ ಎದುರು ಕೂತೆ. ಮೂರನೇ ನಿಮಿಷಕ್ಕೇ ತೆಗೆದು ನೋಡುವ ಚಪಲ. ತೆಗೆದರೆ ಆಗಷ್ಟೇ ಹೆಪ್ಪುಗಟ್ಟುತ್ತಿರುವ ರಕ್ತ ಬಟ್ಟೆಯ ಜೊತೆ ಕಿತ್ತು ಬರುತ್ತದೆ, ಲೆಕ್ಕ ಮೊದಲಿಂದ ಶುರು. ಅಕ್ಕ ಮಾತಾಡಿಸುತ್ತಾ ಇದ್ದದ್ದಕ್ಕೆ ಬಚಾವು. ಹತ್ತಕ್ಕೆ ತೆಗೆದು ನೋಡಿದರೆ ರಕ್ತ ನಿಂತಿತ್ತು. ಬ್ಯಾಂಡೇಡ್ ಸಾಕಾಯಿತು.

ಎಲ್ಲ ಗಾಯವೂ ಮನೆಯಲ್ಲಿ ಮುಗಿಯುವುದಲ್ಲ. ಬೆರಳು ಪೂರ್ತಿ ಮಡಚಲಿಕ್ಕೋ ನೆಟ್ಟಗೆ ಮಾಡಲಿಕ್ಕೋ ಆಗದಿದ್ದರೆ, ತುದಿ ಜೋಮು ಹಿಡಿದಂತಿದ್ದರೆ, ಗಾಯ ಬಾಯಿ ತೆರೆದುಕೊಂಡಿದ್ದರೆ, ಕಾಲು ಗಂಟೆ ಒತ್ತಿದರೂ ರಕ್ತ ನಿಲ್ಲದಿದ್ದರೆ ಡಾಕ್ಟರೇ ಬೇಕು. ಎರಡು ದಿನ ಕಳೆದು ಬೆರಳು ಕೆಂಪಾಗಿ ಬೀಗಿ ರಾತ್ರಿ ಪಟಪಟ ಬಡಿದುಕೊಂಡರೂ ಹಾಗೆಯೇ. ತೋಟದವರಿಗೆ ಇನ್ನೊಂದುಂಟು: ಧನುರ್ವಾಯುವಿನ ರೋಗಾಣು ಇರುವುದೇ ಮಣ್ಣಿನಲ್ಲಿ, ಹಟ್ಟಿಗೊಬ್ಬರದಲ್ಲಿ. ಮಣ್ಣು ತಾಗಿದ ಗಾಯವಾದರೆ, ಕೊನೆಯ ಟಿಟಿ ಇಂಜೆಕ್ಷನ್ ಆಗಿ 5 ವರ್ಷ ದಾಟಿದ್ದರೆ ಮತ್ತೆ ತೆಗೆದುಕೊಳ್ಳಬೇಕು. ನಾನು ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದು, ವರ್ಷ ಮುಗಿದಾಗ ಕ್ಯಾಲೆಂಡರನ್ನೇ ಎಸೆದವನು. ಈಗ ರೇಷನ್ ಕಾರ್ಡಿನ ಜೊತೆ ಚೀಟಿ ಇಟ್ಟಿದ್ದೇನೆ.

ಕಳೆದ ಸುಲಿತದಲ್ಲಿ ದೊಡ್ಡಪ್ಪನ ಹೆಬ್ಬೆರಳೇ ಕೊಯ್ದಿತು. ಅವರು ಬಾವಿಯ ಕಡೆ ಹೊರಡುವ ಮೊದಲೇ ಹಿಡಿದು ಕೂರಿಸಿ, ತೊಳೆದು, ಬಟ್ಟೆ ಒತ್ತಿ ಹಿಡಿದೆ.

‘ಆಯ್ತಾ?’

‘ಇನ್ನೂ ನಾಲ್ಕು ನಿಮಿಷ ಉಂಟು.’

ದೊಡ್ಡಪ್ಪ ಸ್ವಲ್ಪ ಹೊತ್ತು ಗಡಿಯಾರ ನೋಡಿದರು. ‘ಹಾಗಾದರೆ ನಿನ್ನ ಇನ್ನೊಂದು ಕೈಯಲ್ಲಿ ನನಗೊಂದು ವೀಳ್ಯ ಮಡಚು. ಸುಣ್ಣ ಎಲೆಗೇ ಹಾಕು, ಮಾರಾಯ.’